ಜರ್ಮನಿಯ ಮೊದಲ ಸೆಮಿಸ್ಟರ್: ಮನೆ ವಿಳಾಸದಿಂದ ರೈಲು ಹತ್ತುವವರೆಗೆ

ಜರ್ಮನಿಗೆ ಓದಲು ಹೋದವರನ್ನು ಮೊದಲ ಮೂರು ತಿಂಗಳು ಸತಾಯಿಸುವುದು ಕಾಗದಪತ್ರ. ಬ್ಯಾಂಕಿನವರು ವಿಳಾಸದ ನೋಂದಣಿ ಕೇಳುತ್ತಾರೆ. ನೋಂದಣಿಗೆ ಮನೆ ಮಾಲೀಕರ ಸಹಿ ಬೇಕು. ಮಾಲೀಕರಿಗೆ ಠೇವಣಿ ಬೇಕು. ಠೇವಣಿ ಕೊಡೋಣವೆಂದರೆ ನಿಮ್ಮ ದುಡ್ಡು ಬ್ಯಾಂಕ್ ಖಾತೆ ತೆರೆಯುವವರೆಗೆ ಕೈಗೆ ಬರುವುದಿಲ್ಲ. ಈ ಸುತ್ತಿನಿಂದ ಹೊರಬರಲು ಒಂದು ಸರದಿ ಇದೆ. ಅದನ್ನು ಹಿಡಿದು ನಡೆದರೆ ಅಕ್ಟೋಬರ್ ಮುಗಿಯುವಷ್ಟರಲ್ಲಿ ಶನಿವಾರ, ಭಾನುವಾರ ನಿಮ್ಮ ಪಾಲಿಗೆ ಉಳಿಯುತ್ತವೆ, ದೇಶ ನೋಡಲು ಹೊರಡಬಹುದು. ಸರದಿ ತಪ್ಪಿದವರು ಡಿಸೆಂಬರ್‌ನಲ್ಲೂ ಕಚೇರಿಯಿಂದ ಕಚೇರಿಗೆ ಅಲೆಯುತ್ತಿರುತ್ತಾರೆ.

ಇಲ್ಲಿ ಬರುವ ಮೊತ್ತಗಳು ಆಗಾಗ ಬದಲಾಗುವಂಥವು. ಮುಖ್ಯವಾದವುಗಳ ಜೊತೆ ಅವು ಯಾವಾಗಿನಿಂದ ಜಾರಿಯಲ್ಲಿವೆ ಎಂಬುದನ್ನೂ ಹೇಳಿದೆ. ಹೊರಡುವ ಮುನ್ನ ಒಮ್ಮೆ ತಾಳೆ ನೋಡಿಕೊಳ್ಳಿ.

ಹೊರಡುವ ಮೊದಲು

ಚಳಿಗಾಲದ ಸೆಮಿಸ್ಟರ್ ವಿಶ್ವವಿದ್ಯಾಲಯಗಳಲ್ಲಿ ಅಕ್ಟೋಬರ್ 1ಕ್ಕೆ ಶುರುವಾಗಿ ಮಾರ್ಚ್ 31ಕ್ಕೆ ಮುಗಿಯುತ್ತದೆ. ಅನ್ವಯಿಕ ವಿಜ್ಞಾನಗಳ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಸೆಪ್ಟೆಂಬರ್ 1ಕ್ಕೇ ಶುರು. ಪಾಠ ಅಕ್ಟೋಬರ್ ಮಧ್ಯದಲ್ಲಿ ತಾನೆ ಎಂದು ಅಕ್ಟೋಬರ್ 12ಕ್ಕೆ ಟಿಕೆಟ್ ಮಾಡಿಸಬೇಡಿ. ಬಾಡಿಗೆ ಕರಾರುಗಳು ತಿಂಗಳ 1ನೇ ತಾರೀಖಿಗೆ ಶುರುವಾಗುತ್ತವೆ, ನೋಂದಣಿ ಕಚೇರಿಗಳಲ್ಲಿ ಅಕ್ಟೋಬರ್‌ನಷ್ಟು ನೂಕುನುಗ್ಗಲು ಬೇರೆ ತಿಂಗಳಲ್ಲಿ ಇರುವುದಿಲ್ಲ. ಸೆಪ್ಟೆಂಬರ್ 20ರಿಂದ 25ರೊಳಗೆ ಅಲ್ಲಿರುವುದು ಒಳ್ಳೆಯದು.

ಭಾರತದ ಅಂಕಪಟ್ಟಿ ಇರುವವರಿಗೆ 2022ರ ನವೆಂಬರ್‌ನಿಂದ ವೀಸಾ ಅರ್ಜಿಯ ಜೊತೆ ಎಪಿಎಸ್ ಪ್ರಮಾಣಪತ್ರ, ಅಂದರೆ ಅಂಕಪಟ್ಟಿ ಅಸಲಿ ಎಂದು ದೃಢೀಕರಿಸುವ ಪತ್ರ ಬೇಕು. ಅದು ವಾರಗಟ್ಟಲೆ ಹಿಡಿಯುವ ಕೆಲಸ, ಪ್ರವೇಶಪತ್ರ ಬಂದ ಮೇಲೆ ಮಾಡಿಸೋಣ ಎಂದರೆ ಸೆಮಿಸ್ಟರ್ ಕೈತಪ್ಪುತ್ತದೆ. ಕಾಲೇಜಿಗೆ ಅರ್ಜಿ ಹಾಕುವುದಕ್ಕೂ ಮೊದಲೇ ಇದು ಕೈಯಲ್ಲಿರಲಿ.

ಇನ್ನು ಶ್ಪೆರ್‌ಕೊಂಟೊ, ಅಂದರೆ ತಡೆಹಿಡಿದ ಖಾತೆ. ಒಂದು ವರ್ಷದ ಖರ್ಚನ್ನು ಮುಂಚಿತವಾಗಿ ಅದರಲ್ಲಿ ಇಡಬೇಕು. 2024ರ ಸೆಪ್ಟೆಂಬರ್‌ನಿಂದ ಆ ಮೊತ್ತ 11,904 ಯುರೋ, ತಿಂಗಳಿಗೆ 992ರಂತೆ ಬಿಡುಗಡೆ. ಎಡವುವುದು ಇಲ್ಲೇ: ವಿಮಾನ ಇಳಿದ ದಿನ ಆ ದುಡ್ಡು ನಿಮಗೆ ಸಿಗುವುದಿಲ್ಲ. ಜರ್ಮನಿಯಲ್ಲಿ ಮಾಮೂಲಿ ಖಾತೆ ತೆರೆದು, ಅದರ ಸಂಖ್ಯೆ ಕೊಟ್ಟು, ಕೇಳಿದ ಕಾಗದ ಕಳಿಸಿದ ಮೇಲಷ್ಟೇ ಮೊದಲ ಕಂತು ಬರುತ್ತದೆ. ನಾಲ್ಕರಿಂದ ಆರು ವಾರ ಆಗಬಹುದು. ಅಷ್ಟರೊಳಗೆ ಮೊದಲ ತಿಂಗಳ ಬಾಡಿಗೆ, ಠೇವಣಿ, ಹಾಸಿಗೆ-ಪಾತ್ರೆ ಎಲ್ಲ ಬಂದು ಬೀಳುತ್ತವೆ. ಕನಿಷ್ಠ 2,000 ಯುರೋ ಬೇರೆಯಾಗಿ, ಫಾರೆಕ್ಸ್ ಕಾರ್ಡ್ ಮತ್ತು ಸ್ವಲ್ಪ ನಗದಿನ ರೂಪದಲ್ಲಿ ಇಟ್ಟುಕೊಂಡೇ ಹೊರಡಿ.

ಪೆಟ್ಟಿಗೆ ತುಂಬುವಾಗ ಎರಡು ಮಾತು. ಅಲ್ಲಿನ ವಿದ್ಯುತ್ತೂ 230 ವೋಲ್ಟ್, 50 ಹರ್ಟ್ಸ್, ಹಾಗಾಗಿ ಕನ್ವರ್ಟರ್ ಬೇಡ. ಪ್ಲಗ್ ಆಕಾರ ಮಾತ್ರ ಬೇರೆ. ಎರಡು ಪಿನ್ನಿನ ಫೋನ್ ಚಾರ್ಜರ್ ಹಾಗೆಯೇ ಕೂರುತ್ತದೆ, ಲ್ಯಾಪ್‌ಟಾಪಿನ ಮೂರು ಪಿನ್ ಕೂರುವುದಿಲ್ಲ. ಅಡಾಪ್ಟರ್ ಬೇಕು. ಕುಕ್ಕರ್ ಒಯ್ಯುವುದಾದರೆ ತಳಕ್ಕೆ ಅಯಸ್ಕಾಂತ ಹಿಡಿದು ನೋಡಿ. ಅಂಟಿದರೆ ಇಂಡಕ್ಷನ್ ಒಲೆಯಲ್ಲೂ ನಡೆಯುತ್ತದೆ. ಬರಿಯ ಅಲ್ಯೂಮಿನಿಯಂ ಆದರೆ ಆ ಒಲೆಗೆ ಅದು ಕಾಣಿಸುವುದೇ ಇಲ್ಲ.

ವಿಳಾಸವೇ ಮೊದಲ ಕೊಂಡಿ

ಅಗ್ಗದ ಕೋಣೆ ಸಿಗುವುದು ಶ್ಟುಡೀರೆಂಡನ್‌ವೆರ್ಕ್ ನಡೆಸುವ ವಿದ್ಯಾರ್ಥಿ ನಿಲಯಗಳಲ್ಲಿ. ಇದು ಕಾಲೇಜಿನ ಭಾಗವಲ್ಲ, ಪ್ರತ್ಯೇಕ ಸಂಸ್ಥೆ. ಕಾಲೇಜಿಗೆ ಸೇರಿದ ಮಾತ್ರಕ್ಕೆ ಕೋಣೆ ತಾನಾಗಿ ಬರುವುದಿಲ್ಲ, ಬೇರೆ ಅರ್ಜಿ ಹಾಕಬೇಕು. ಪ್ರವೇಶಪತ್ರ ಇಮೇಲಿನಲ್ಲಿ ಬಂದ ದಿನವೇ ಹಾಕಿ. ಮ್ಯೂನಿಕ್‌ನಂಥ ದೊಡ್ಡ ಊರುಗಳಲ್ಲಿ ಸರದಿ ಒಂದು ಸೆಮಿಸ್ಟರ್ ದಾಟಿಯೂ ಹೋಗುತ್ತದೆ. ಸರದಿಯಲ್ಲಿ ಉಳಿಯಲು ನಡುನಡುವೆ ಇಮೇಲಿಗೆ ಉತ್ತರ ಕೊಡಬೇಕೆಂಬ ಷರತ್ತು ಕೆಲವು ಕಡೆ ಇದೆ, ಉತ್ತರ ಕೊಡದಿದ್ದರೆ ಹೆಸರು ತೆಗೆದುಬಿಡುತ್ತಾರೆ.

ಅದು ಸಿಗದಿದ್ದರೆ ವೇಗೇ, ಅಂದರೆ ನಾಲ್ಕಾರು ಜನ ಸೇರಿ ಬಾಡಿಗೆ ಹಂಚಿಕೊಳ್ಳುವ ಮನೆ. ಜಾಹೀರಾತಿನಲ್ಲಿ ಕಾಲ್ಟ್‌ಮೀಟೆ ಎಂದರೆ ಬರೀ ಜಾಗದ ಬಾಡಿಗೆ. ವಾರ್ಮ್‌ಮೀಟೆ ಎಂದರೆ ಅದಕ್ಕೆ ನೀರು, ಕಸ, ಸಾಮಾನ್ಯವಾಗಿ ಹೀಟಿಂಗ್ ಸೇರಿಸಿದ್ದು. ಕರೆಂಟು, ಇಂಟರ್ನೆಟ್ ಒಳಗಿದೆಯೋ ಇಲ್ಲವೋ ಬಾಯಿಬಿಟ್ಟು ಕೇಳಿ. ಠೇವಣಿ ಕಾನೂನಿನ ಪ್ರಕಾರ ಮೂರು ತಿಂಗಳ ಕಾಲ್ಟ್‌ಮೀಟೆ ಮೀರುವಂತಿಲ್ಲ, ಅದನ್ನು ಮೂರು ಸಮ ಕಂತುಗಳಲ್ಲಿ ಕಟ್ಟುವ ಹಕ್ಕು ಬಾಡಿಗೆದಾರರಿಗೆ ಇದೆ. ಇದು ಗೊತ್ತಿಲ್ಲದೆ ಇದ್ದಬದ್ದ ದುಡ್ಡನ್ನೆಲ್ಲ ಒಂದೇ ಸಲ ಕೊಟ್ಟು ಬರಿಗೈಯಾಗುವವರು ಬಹಳ ಜನ.

ಮಾಲೀಕರಿಗೆ ಕೇಳಬೇಕಾದ ಮೊದಲ ಪ್ರಶ್ನೆ ಬಾಡಿಗೆ ಎಷ್ಟು ಎಂಬುದಲ್ಲ, "ವಿಳಾಸ ನೋಂದಣಿಗೆ ಪತ್ರ ಕೊಡುತ್ತೀರಾ?" ಎಂಬುದು. ಕೊಡುವುದಿಲ್ಲ ಎಂದರೆ ಆ ಕೋಣೆ ಎಷ್ಟೇ ಚೆನ್ನಾಗಿರಲಿ, ಬಿಟ್ಟುಬಿಡಿ. ಅಲ್ಲಿ ಉಳಿದರೆ ಮುಂದಿನ ಒಂದು ಕೆಲಸವೂ ಸಾಗುವುದಿಲ್ಲ.

ಮೋಸದ ಜಾಹೀರಾತಿನ ಚಹರೆ ಯಾವಾಗಲೂ ಒಂದೇ: ಊರ ನಡುವೆ ಮನೆ, ಫೋಟೊದಲ್ಲಿ ಥಳಥಳ, ಬಾಡಿಗೆ ಅರ್ಧಕ್ಕರ್ಧ. ಮಾಲೀಕರು ಬೇರೆ ದೇಶದಲ್ಲಿದ್ದಾರೆ, ತೋರಿಸಲು ಆಗುವುದಿಲ್ಲ, ಠೇವಣಿ ಹಾಕಿದರೆ ಕೀಲಿಯನ್ನು ಕೊರಿಯರ್ ಮಾಡುತ್ತಾರೆ. ಕೀಲಿ ಎಂದೂ ಬರುವುದಿಲ್ಲ. ಖುದ್ದಾಗಿ ನೋಡಲು ಆಗದಿದ್ದರೆ ಲೈವ್ ವಿಡಿಯೊ ಕರೆಯಲ್ಲಿ ಬೀದಿ ಬಾಗಿಲಿನಿಂದ ಅಡುಗೆಮನೆಯವರೆಗೆ ನಡೆದು ತೋರಿಸಲು ಹೇಳಿ. ಸಹಿ ಆದ ಕರಾರು ಕೈಗೆ ಬರುವವರೆಗೆ ಒಂದು ಯುರೋ ಕೂಡ ಕಳಿಸಬೇಡಿ. ಪಾಸ್‌ಪೋರ್ಟ್ ಪ್ರತಿಯನ್ನೂ ಕೊಡಬೇಡಿ, ಅದನ್ನಿಟ್ಟುಕೊಂಡು ನಿಮ್ಮ ಹೆಸರಿನಲ್ಲೇ ಮುಂದಿನ ಮೋಸ ನಡೆಯುತ್ತದೆ.

ಕೋಣೆಗೆ ಕಾಲಿಟ್ಟ ದಿನ ಗೋಡೆ, ನೆಲ, ಕಿಟಕಿ ಚೌಕಟ್ಟು, ಸಿಂಕಿನ ಅಂಚು ಎಲ್ಲದರ ಫೋಟೊ ತೆಗೆದು, ಹಸ್ತಾಂತರದ ಪಟ್ಟಿಯಲ್ಲಿ ಹಳೆಯ ಕಲೆ-ಬಿರುಕುಗಳನ್ನು ಬರೆಸಿಕೊಳ್ಳಿ. ಬಿಡುವಾಗ ಠೇವಣಿಯಲ್ಲಿ ಕಡಿತ ಮಾಡುವುದು ಬಹುಪಾಲು ಗೋಡೆಯ ಬೂಷ್ಟಿಗೆ. ಚಳಿಗೆಂದು ಕಿಟಕಿ ಮುಚ್ಚಿ ಅನ್ನ ಬೇಯಿಸಿ, ಒದ್ದೆ ಬಟ್ಟೆಯನ್ನೂ ಅದೇ ಕೋಣೆಯಲ್ಲಿ ಹರವಿದರೆ ಆ ನೀರೆಲ್ಲ ತಣ್ಣನೆಯ ಹೊರಗೋಡೆಯ ಮೂಲೆಗೆ ಹೋಗಿ ಕೂರುತ್ತದೆ, ಎರಡು ತಿಂಗಳಲ್ಲಿ ಕಪ್ಪು ಚುಕ್ಕೆ ಏಳುತ್ತದೆ. ಪರಿಹಾರ ಸುಲಭ: ದಿನಕ್ಕೆ ಎರಡು ಮೂರು ಸಲ ಹೀಟರ್ ಆರಿಸಿ, ಕಿಟಕಿಯನ್ನು ಪೂರಾ ತೆರೆದು ಐದರಿಂದ ಹತ್ತು ನಿಮಿಷ ಬಿಡಿ. ಕಿಟಕಿಯನ್ನು ಓರೆಯಾಗಿ ಇಡೀ ದಿನ ತೆರೆದಿಟ್ಟರೆ ಗೋಡೆ ಇನ್ನಷ್ಟು ತಣ್ಣಗಾಗುತ್ತದೆ, ಬೂಷ್ಟು ಹೆಚ್ಚುತ್ತದೆ, ಬಿಲ್ಲೂ ಏರುತ್ತದೆ.

ಅಂಚೆ ಪೆಟ್ಟಿಗೆಯ ಮೇಲಿನ ಹೆಸರು

ಇದನ್ನು ಪ್ರತ್ಯೇಕವಾಗಿ ಹೇಳಲೇಬೇಕು, ಏಕೆಂದರೆ ಇಷ್ಟು ಚಿಕ್ಕ ವಿಷಯ ಇಷ್ಟು ದೊಡ್ಡ ಫಜೀತಿ ತರುವುದು ಇನ್ನೆಲ್ಲೂ ಇಲ್ಲ. ಜರ್ಮನಿಯ ವಿಳಾಸದಲ್ಲಿ ಸಾಮಾನ್ಯವಾಗಿ ಫ್ಲಾಟ್ ಸಂಖ್ಯೆ ಇರುವುದಿಲ್ಲ. ಬೀದಿ, ಕಟ್ಟಡದ ಸಂಖ್ಯೆ, ಪಿನ್‌ಕೋಡ್, ಅಷ್ಟೇ. ಹತ್ತು ಮನೆಗಳ ಕಟ್ಟಡದಲ್ಲಿ ಅಂಚೆಯವರು ನಿಮ್ಮನ್ನು ಗುರುತಿಸುವುದು ಬಾಗಿಲ ಬಳಿ ಸಾಲಾಗಿರುವ ಪೆಟ್ಟಿಗೆಗಳ ಮೇಲಿನ ಹೆಸರಿನಿಂದ. ಅಲ್ಲಿ ನಿಮ್ಮ ಹೆಸರು ಇಲ್ಲದಿದ್ದರೆ ಪತ್ರ ವಾಪಸ್ಸು ಹೋಗುತ್ತದೆ. ಬ್ಯಾಂಕಿನ ಪಿನ್, ತೆರಿಗೆ ಸಂಖ್ಯೆ, ವಿಮೆಯ ಕಾರ್ಡ್, ವೀಸಾ ಕಚೇರಿಯ ಕರೆ, ಎಲ್ಲವೂ ಬರುವುದು ಅಂಚೆಯಲ್ಲೇ. ವಾಪಸ್ಸು ಹೋದದ್ದು ನಿಮಗೆ ಗೊತ್ತೂ ಆಗುವುದಿಲ್ಲ.

ಕೀಲಿ ಪಡೆದ ದಿನವೇ ಒಂದು ಚೀಟಿಯಲ್ಲಿ ಹೆಸರು ಬರೆದು, ಮೇಲೆ ಪಾರದರ್ಶಕ ಟೇಪ್ ಹಾಕಿ ಪೆಟ್ಟಿಗೆಗೂ ಕರೆಗಂಟೆಗೂ ಅಂಟಿಸಿ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೆಯೇ ಇರಲಿ. ಉಪನಾಮದ ಜಾಗದಲ್ಲಿ ತಂದೆಯ ಹೆಸರೋ ಊರಿನ ಹೆಸರೋ ಇರುವವರು, ಉಪನಾಮವೇ ಇಲ್ಲದವರು ಎರಡೂ ಹೆಸರನ್ನು ಬರೆಯಿರಿ. ಸ್ನೇಹಿತರು ಕರೆಯುವ ಹೆಸರು ಬರೆದರೆ ಅಂಚೆಯವರಿಗೆ ಅದು ಬೇರೆಯವರ ಪೆಟ್ಟಿಗೆ.

ಆನ್‌ಮೆಲ್ಡುಂಗ್: ಹದಿನಾಲ್ಕು ದಿನ

ಮನೆಗೆ ಬಂದ ಎರಡು ವಾರದೊಳಗೆ ಆನ್‌ಮೆಲ್ಡುಂಗ್, ಅಂದರೆ ವಿಳಾಸ ನೋಂದಣಿ ಮಾಡಿಸಬೇಕು, ಇದು ಕಾನೂನು. ತಪ್ಪಿದರೆ 1,000 ಯುರೋವರೆಗೆ ದಂಡ ಹಾಕಲು ಅವಕಾಶವಿದೆ. ನೋಂದಣಿ ನಡೆಯುವುದು ಬ್ಯೂರ್ಗರ್‌ಆಮ್ಟ್ ಎಂಬ ನಗರ ಕಚೇರಿಯಲ್ಲಿ, ಮುಂಗಡ ಸಮಯ ಕಾಯ್ದಿರಿಸಿ. ವಿಮಾನ ಹತ್ತುವ ಮೊದಲೇ ಆನ್‌ಲೈನ್‌ನಲ್ಲಿ ಸಮಯ ಹಿಡಿದಿಡಿ. ಖಾಲಿ ಇಲ್ಲ ಎಂದು ತೋರಿಸಿದರೆ ಬೆಳಿಗ್ಗೆ ಕಚೇರಿ ತೆರೆಯುವ ಹೊತ್ತಿಗೆ ಮತ್ತೆ ನೋಡಿ, ರದ್ದಾದ ಜಾಗಗಳು ಆಗ ತೆರೆದುಕೊಳ್ಳುವುದುಂಟು. ಬರ್ಲಿನ್‌ನಲ್ಲಿ ನಿಮ್ಮ ಬಡಾವಣೆಯ ಕಚೇರಿಯೇ ಆಗಬೇಕೆಂದಿಲ್ಲ, ನಗರದ ಯಾವ ಬ್ಯೂರ್ಗರ್‌ಆಮ್ಟ್ ಆದರೂ ನಡೆಯುತ್ತದೆ. ಸಮಯ ಸಿಕ್ಕಿದ್ದು ಮೂರನೇ ವಾರಕ್ಕೆ ಎಂದಾದರೆ ಗಾಬರಿ ಬೇಡ, ಎರಡು ವಾರದೊಳಗೆ ಕಾಯ್ದಿರಿಸಿದ್ದಕ್ಕೆ ಬಂದ ಇಮೇಲನ್ನು ಇಟ್ಟುಕೊಳ್ಳಿ.

ಒಯ್ಯಬೇಕಾದದ್ದು ಮೂರೇ: ಪಾಸ್‌ಪೋರ್ಟ್, ಭರ್ತಿ ಮಾಡಿದ ಅರ್ಜಿ, ಮನೆ ಕೊಟ್ಟವರು ಸಹಿ ಮಾಡಿದ ವೋನುಂಗ್ಸ್‌ಗೇಬರ್‌ಬೆಶ್ಟೇಟಿಗುಂಗ್. ಈ ಉದ್ದದ ಹೆಸರಿನ ಒಂದು ಪುಟದ ಕಾಗದಕ್ಕೆ ಬಾಡಿಗೆ ಕರಾರು ಬದಲಿಯಲ್ಲ. ಕರಾರು ಮಾತ್ರ ಹಿಡಿದು ಹೋದವರನ್ನು ಹಾಗೆಯೇ ವಾಪಸ್ಸು ಕಳಿಸುತ್ತಾರೆ, ಮತ್ತೆ ಸರದಿ ಹಿಡಿಯಬೇಕು.

ಅರ್ಜಿಯಲ್ಲಿ ಧರ್ಮದ ಕಾಲಂ ಇರುತ್ತದೆ. ಕ್ಯಾಥೊಲಿಕ್ ಅಥವಾ ಇವಾಂಗೇಲಿಶ್ (ಪ್ರಾಟೆಸ್ಟಂಟ್) ಎಂದು ನಮೂದಾದವರಿಗೆ ಮುಂದೆ ಆದಾಯ ತೆರಿಗೆ ಬಿದ್ದಾಗ ಅದರ ಮೇಲೆ ಶೇಕಡಾ 8 ಅಥವಾ 9 ಚರ್ಚ್ ತೆರಿಗೆ ಸೇರುತ್ತದೆ. ಸುಮ್ಮನೆ ತುಂಬುವ ಕಾಲಂ ಅಲ್ಲ ಅದು.

ಕೊನೆಯಲ್ಲಿ ಕೊಡುವ ನೋಂದಣಿ ಪತ್ರವನ್ನು ಸ್ಕ್ಯಾನ್ ಮಾಡಿಟ್ಟುಕೊಳ್ಳಿ, ಮುಂದಿನ ಎಲ್ಲ ಕಡೆ ಕೇಳುವುದು ಅದನ್ನೇ. ಕೆಲವು ವಾರದಲ್ಲಿ 11 ಅಂಕಿಯ ತೆರಿಗೆ ಗುರುತು ಸಂಖ್ಯೆ ಅಂಚೆಯಲ್ಲಿ ಬರುತ್ತದೆ, ಅದು ಜೀವನಪರ್ಯಂತ ಅದೇ.

ಅದರ ಬೆನ್ನಿಗೇ ಇನ್ನೊಂದು ಪತ್ರ ಬರುತ್ತದೆ: ರುಂಡ್‌ಫುಂಕ್‌ಬೈಟ್ರಾಗ್, ಸಾರ್ವಜನಿಕ ಪ್ರಸಾರದ ಶುಲ್ಕ, ತಿಂಗಳಿಗೆ 18.36 ಯುರೋ. ಟಿವಿ ಇಲ್ಲ, ರೇಡಿಯೊ ಇಲ್ಲ ಎಂದು ಇದನ್ನು ಕಸಕ್ಕೆ ಹಾಕಬೇಡಿ. ಶುಲ್ಕ ಇರುವುದು ಮನೆಗೆ, ಉಪಕರಣಕ್ಕಲ್ಲ. ಸುಮ್ಮನಿದ್ದರೆ ಬಾಕಿ ಬೆಳೆಯುತ್ತಾ ಹೋಗಿ ವಸೂಲಿ ನೋಟಿಸ್ ಬರುತ್ತದೆ. ಹಂಚಿಕೊಂಡ ಮನೆಯಾದರೆ ಒಬ್ಬರು ಕಟ್ಟಿದರೆ ಸಾಕು. ಅವರ ಶುಲ್ಕದ ಸಂಖ್ಯೆಯನ್ನು ಕೇಳಿ ನಿಮ್ಮ ಪತ್ರಕ್ಕೆ ಉತ್ತರವಾಗಿ ಬರೆದು, ನಿಮ್ಮ ಪಾಲನ್ನು ಅವರಿಗೆ ಕೊಡಿ. ವಿದ್ಯಾರ್ಥಿ ನಿಲಯದಲ್ಲಿ ಸಾಮಾನ್ಯ ಕಾರಿಡಾರಿಗೆ ತೆರೆಯುವ ಒಂಟಿ ಕೋಣೆಯನ್ನು ಒಂದು ಮನೆ ಎಂದೇ ಲೆಕ್ಕ ಹಾಕುತ್ತಾರೆ.

ಬ್ಯಾಂಕ್, ವಿಮೆ, ವಾಸದ ಪರವಾನಗಿ

ನೋಂದಣಿ ಪತ್ರ ಬಂದ ಮೇಲೆ ಜೀರೊಕೊಂಟೊ ಎಂಬ ಚಾಲ್ತಿ ಖಾತೆ ತೆರೆಯಿರಿ, ಅದರ ಐಬ್ಯಾನ್ ಎಂಬ ಖಾತೆ ಸಂಖ್ಯೆಯನ್ನು ತಡೆಹಿಡಿದ ಖಾತೆಯವರಿಗೆ ಕಳಿಸಿ. ಇಷ್ಟಾದರೆ ತಿಂಗಳ ಕಂತು ಹರಿಯತೊಡಗುತ್ತದೆ.

ಆರೋಗ್ಯ ವಿಮೆಯನ್ನು ಇಷ್ಟು ಚುಟುಕಾಗಿ ಮುಗಿಸಲಾಗದು. 30 ವರ್ಷದೊಳಗಿನ ವಿದ್ಯಾರ್ಥಿಗಳಿಗೆ ಸಾರ್ವಜನಿಕ ವಿಮೆಯಲ್ಲಿ ರಿಯಾಯಿತಿ ದರವಿದೆ. ಟೆಕ್ನಿಕರ್, ಎಒಕೆ, ಬಾರ್ಮರ್ ಮುಂತಾದ ಸಾರ್ವಜನಿಕ ವಿಮೆಯವರಲ್ಲಿ ದರದ ವ್ಯತ್ಯಾಸ ಅಲ್ಪ. ನಿಮ್ಮನ್ನು ವಿಮೆಗೆ ಸೇರಿಸಿಕೊಂಡ ಸುದ್ದಿಯನ್ನು ವಿಮೆಯವರೇ ಡಿಜಿಟಲ್ ಆಗಿ ಕಾಲೇಜಿಗೆ ಕಳಿಸಬೇಕು. ನೀವು ಕಾಗದ ಕೊಟ್ಟರೆ ಆಗುವುದಿಲ್ಲ, ಅದು ಬರುವವರೆಗೆ ದಾಖಲಾತಿ ಪೂರ್ಣವಾಗುವುದೂ ಇಲ್ಲ. ಖಾಸಗಿ ವಿಮೆ ತಿಂಗಳಿಗೆ ಅಗ್ಗವೆಂದು ಕಂಡು, ಸಾರ್ವಜನಿಕ ವಿಮೆಯಿಂದ ವಿನಾಯಿತಿ ಪಡೆಯುವವರು ಒಂದು ಮಾತು ನೆನಪಿಡಬೇಕು: ಆ ವಿನಾಯಿತಿಯನ್ನು ಓದು ಮುಗಿಯುವವರೆಗೆ ಹಿಂತೆಗೆದುಕೊಳ್ಳಲು ಬರುವುದಿಲ್ಲ. 30 ದಾಟದವರು ಸಾರ್ವಜನಿಕ ವಿಮೆಯಲ್ಲೇ ಇರುವುದು ಮೇಲು. ಬಂದಿಳಿದ ದಿನದಿಂದ ದಾಖಲಾತಿಯವರೆಗಿನ ಖಾಲಿ ದಿನಗಳಿಗೆ ಪ್ರಯಾಣ ವಿಮೆ ಇರಲಿ. ತುರ್ತಿಗೆ 112, ಪೊಲೀಸರಿಗೆ 110. ರಾತ್ರಿ ಅಥವಾ ಭಾನುವಾರ ಜ್ವರ ಬಂದು, ಆಂಬುಲೆನ್ಸ್ ಕರೆಯುವಷ್ಟೇನೂ ಇಲ್ಲವೆಂದರೆ 116117ಕ್ಕೆ ಫೋನ್ ಮಾಡಿ.

ನಿಮ್ಮ ವೀಸಾ ಸಾಮಾನ್ಯವಾಗಿ ಕೆಲವು ತಿಂಗಳಿಗಷ್ಟೇ ಇರುತ್ತದೆ. ಅದು ಮುಗಿಯುವ ಮೊದಲು ಔಸ್‌ಲೆಂಡರ್‌ಬೆಹೋರ್ಡೆ ಎಂಬ ವಿದೇಶೀಯರ ಕಚೇರಿಗೆ ವಾಸದ ಪರವಾನಗಿಗಾಗಿ ಅರ್ಜಿ ಹಾಕಬೇಕು. ಕಚೇರಿ ಸಮಯ ಕೊಡುವುದು ಮೂರು ತಿಂಗಳ ನಂತರವಾದರೂ ಚಿಂತೆಯಿಲ್ಲ, ಅರ್ಜಿ ತಲುಪಿದ ದಿನ ಮುಖ್ಯ. ದಾಖಲಾತಿ ಪತ್ರ ಕೈಗೆ ಬಂದ ವಾರವೇ ಕಳಿಸಿ. ಪಾಸ್‌ಪೋರ್ಟ್, ದಾಖಲಾತಿ ಪತ್ರ, ವಿಮೆಯ ಪತ್ರ, ತಡೆಹಿಡಿದ ಖಾತೆಯ ಪುರಾವೆ, ಬಾಡಿಗೆ ಕರಾರು, ನೋಂದಣಿ ಪತ್ರ ಬೇಕು, ಕಾರ್ಡಿಗೆ 100 ಯುರೋ ಶುಲ್ಕ. 2025ರ ಮೇ ತಿಂಗಳಲ್ಲಿ ಡಿಜಿಟಲ್ ಫೋಟೊ ನಿಯಮ ಬಂದಿರುವುದರಿಂದ ಊರಿನಿಂದ ತಂದ ಪಾಸ್‌ಪೋರ್ಟ್ ಅಳತೆಯ ಫೋಟೊಗಳನ್ನು ನಂಬಿಕೊಳ್ಳಬೇಡಿ.

ಕೆಲಸದ ಲೆಕ್ಕ ಬೇಗ ಹೇಳಿಬಿಡಬಹುದು. 2024ರ ಮಾರ್ಚ್‌ನಿಂದ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಬಹುದು. ಕಾಲೇಜಿನಲ್ಲೇ ಸಹಾಯಕರಾಗಿ ದುಡಿದದ್ದು ಆ ಲೆಕ್ಕಕ್ಕೆ ಬರುವುದಿಲ್ಲ. ಪಾಠ ನಡೆಯುವಾಗ ವಾರಕ್ಕೆ 20 ಗಂಟೆ ಮೀರಿದರೆ ವಿಮೆಯ ದೃಷ್ಟಿಯಲ್ಲಿ ನೀವು ವಿದ್ಯಾರ್ಥಿಯಾಗಿ ಉಳಿಯುವುದಿಲ್ಲ, ಕಡಿತ ಏರುತ್ತದೆ. ಕನಿಷ್ಠ ವೇತನ 2026ರ ಜನವರಿಯಿಂದ ಗಂಟೆಗೆ 13.90 ಯುರೋ. ಮೊದಲ ಸೆಮಿಸ್ಟರಿನಲ್ಲಿ ಕೆಲಸಕ್ಕೆ ಇಳಿಯದಿರುವುದೇ ಲೇಸು, ಕಾರಣ ಮುಂದೆ ಇದೆ.

ತರಗತಿಯಲ್ಲಿ ಎಲ್ಲಿ ಜಾರುತ್ತದೆ

ಒಂದು ಸೆಮಿಸ್ಟರಿಗೆ 30 ಇಸಿಟಿಎಸ್ (ಓದಿನ ಹೊರೆ ಅಳೆಯುವ ಯುರೋಪಿನ ಕ್ರೆಡಿಟ್), ಒಂದು ಕ್ರೆಡಿಟ್‌ಗೆ 25ರಿಂದ 30 ಗಂಟೆಯ ದುಡಿಮೆ ಎಂದು ಲೆಕ್ಕ. ವೇಳಾಪಟ್ಟಿಯಲ್ಲಿ ವಾರಕ್ಕೆ 18 ಗಂಟೆ ಪಾಠ ಮಾತ್ರ ಕಂಡರೂ ಉಳಿದದ್ದನ್ನು ನೀವೇ ಕೂತು ಓದಬೇಕು. ಹಾಜರಿ ಹಾಕುವವರು ಇರುವುದಿಲ್ಲ, ನಡುವೆ ಕಿರುಪರೀಕ್ಷೆಯೂ ಅಪರೂಪ. ಬಹಳಷ್ಟು ವಿಷಯಗಳಲ್ಲಿ ಫೆಬ್ರವರಿಯ ಒಂದೇ ಪರೀಕ್ಷೆ ಪೂರಾ ಅಂಕ ನಿರ್ಧರಿಸುತ್ತದೆ. ನವೆಂಬರ್, ಡಿಸೆಂಬರ್ ಹಗುರವಾಗಿ ಕಳೆದು ಜನವರಿಯಲ್ಲಿ ಕಣ್ಣು ಕತ್ತಲೆ ಬರುವುದು ಇದರಿಂದಲೇ. ಕೆಲವು ಕೋರ್ಸುಗಳಲ್ಲಿ ವಾರವಾರದ ಅಭ್ಯಾಸ ಹಾಳೆಗಳಲ್ಲಿ ಇಂತಿಷ್ಟು ಅಂಕ ಗಳಿಸಿದವರಿಗೆ ಮಾತ್ರ ಪರೀಕ್ಷೆಗೆ ಪ್ರವೇಶ. ಅದನ್ನು ಮೊದಲ ತರಗತಿಯಲ್ಲೇ ಹೇಳುತ್ತಾರೆ, ಆಮೇಲೆ ಯಾರೂ ನೆನಪಿಸುವುದಿಲ್ಲ.

ಕೋರ್ಸಿಗೆ ಹೆಸರು ಕೊಡುವುದು ಬೇರೆ, ಪರೀಕ್ಷೆಗೆ ಹೆಸರು ಕೊಡುವುದು ಬೇರೆ. ಪರೀಕ್ಷೆಯ ನೋಂದಣಿಗೆ ಪ್ರತ್ಯೇಕ ಗಡುವು ಇದೆ, ಅದು ತಪ್ಪಿದರೆ ಇಡೀ ಸೆಮಿಸ್ಟರ್ ಓದಿದ್ದರೂ ಕೋಣೆಯೊಳಗೆ ಬಿಡುವುದಿಲ್ಲ. ಪರೀಕ್ಷೆ ದಿನ ಹುಷಾರಿಲ್ಲದಿದ್ದರೆ ಅದೇ ದಿನ ವೈದ್ಯರ ಬಳಿ ಹೋಗಿ ಪತ್ರ ತಂದು ಪರೀಕ್ಷಾ ಕಚೇರಿಗೆ ಕೊಡಬೇಕು, ಮರುದಿನದ ತಾರೀಖಿನ ಪತ್ರ ಬಹುತೇಕ ನಡೆಯದು. ಒಂದು ಪರೀಕ್ಷೆಗೆ ಸಾಮಾನ್ಯವಾಗಿ ಮೂರು ಅವಕಾಶ. ಕಡ್ಡಾಯ ವಿಷಯದಲ್ಲಿ ಕೊನೆಯದೂ ಹೋದರೆ ಆ ಕೋರ್ಸಿನಿಂದ ಹೊರಗೆ ಹಾಕುತ್ತಾರೆ, ಅದೇ ಕೋರ್ಸನ್ನು ಜರ್ಮನಿಯ ಬೇರೆ ಕಾಲೇಜಿನಲ್ಲಿ ಮುಂದುವರಿಸಲೂ ಆಗುವುದಿಲ್ಲ. ಮೊದಲ ಸೆಮಿಸ್ಟರಿನಲ್ಲಿ ಸಂಬಳಕ್ಕಿಂತ ಪುಸ್ತಕ ಮುಖ್ಯ ಎಂದದ್ದು ಇದಕ್ಕೆ.

ಅಂಕ ಇಲ್ಲಿ ತಲೆಕೆಳಗು. 1.0 ಅತ್ಯುತ್ತಮ, 4.0 ಪಾಸು, 5.0 ನಪಾಸು. ನಿಮ್ಮ ಹಳೆಯ ಅಂಕವನ್ನು ಇದಕ್ಕೆ ಇಳಿಸುವ ಸೂತ್ರವಿದೆ: ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ, ಅದನ್ನು ಗರಿಷ್ಠ ಮತ್ತು ಪಾಸಿನ ಅಂಕದ ವ್ಯತ್ಯಾಸದಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಿ. ಹತ್ತರ ಮಾಪಕದಲ್ಲಿ 8 ಬಂದಿದ್ದು, ಪಾಸಿಗೆ 4 ಬೇಕಿದ್ದರೆ, 2 ಭಾಗಿಸು 6, ಗುಣಿಸು 3, ಕೂಡಿಸು 1: ಬರುವುದು 2.0.

ವೇಳಾಪಟ್ಟಿಯಲ್ಲಿ ಸಮಯದ ಮುಂದೆ ಸಿ.ಟಿ. ಎಂದಿದ್ದರೆ ಪಾಠ ಕಾಲು ಗಂಟೆ ತಡವಾಗಿ ಶುರು, 10 ಗಂಟೆ ಎಂದರೆ 10.15. ಎಸ್.ಟಿ. ಎಂದಿದ್ದರೆ ಸರಿಯಾಗಿ 10ಕ್ಕೇ. ಪರೀಕ್ಷೆಗಳು ಎಸ್.ಟಿ. ಇರುತ್ತವೆ. ಮುಂದಿನ ಸೆಮಿಸ್ಟರಿನ ಶುಲ್ಕವನ್ನು ಗಡುವಿನೊಳಗೆ ಕಟ್ಟುವುದೇ ಮರುದಾಖಲಾತಿ. ಇದನ್ನು ಮರೆತರೆ ಹೆಸರು ತೆಗೆಯುತ್ತಾರೆ, ಹೆಸರಿನ ಜೊತೆ ಪರವಾನಗಿಯ ಆಧಾರವೂ ಹೋಗುತ್ತದೆ.

ರೈಲು

ಸೆಮಿಸ್ಟರ್ ಶುಲ್ಕ ಕಟ್ಟಿದವರಲ್ಲಿ ಬಹಳ ಜನರಿಗೆ ತಮ್ಮ ಜೇಬಿನಲ್ಲೇ ಇಡೀ ದೇಶದ ಟಿಕೆಟ್ ಇದೆ ಎಂಬುದು ತಿಂಗಳುಗಟ್ಟಲೆ ಗೊತ್ತಾಗುವುದಿಲ್ಲ. 2023ರ ಮೇ 1ರಂದು 49 ಯುರೋಗೆ ಶುರುವಾದ ಡಾಯ್ಚ್‌ಲಾಂಟ್‌ಟಿಕೆಟ್ 2025ರಲ್ಲಿ 58, 2026ರ ಜನವರಿಯಿಂದ ತಿಂಗಳಿಗೆ 63 ಯುರೋ. ಹಲವು ಕಾಲೇಜುಗಳಲ್ಲಿ ಅದರ ವಿದ್ಯಾರ್ಥಿ ಆವೃತ್ತಿ ಪೂರ್ಣ ದರದ ಶೇಕಡಾ 60ಕ್ಕೆ, ಶುಲ್ಕದ ಒಳಗೇ ಸೇರಿರುತ್ತದೆ. ದೇಶದ ಎಲ್ಲ ಊರುಗಳ ಬಸ್ಸು, ಟ್ರಾಮ್, ಮೆಟ್ರೊ, ಎಸ್-ಬಾನ್ ಎಂಬ ಉಪನಗರ ರೈಲು ಮತ್ತು ಆರ್‌ಬಿ, ಆರ್‌ಇ ಎಂಬ ಪ್ರಾದೇಶಿಕ ರೈಲುಗಳಿಗೆ ಅದು ನಡೆಯುತ್ತದೆ. ಐಸಿಇ, ಐಸಿ, ಇಸಿ ಎಂಬ ದೂರದ ರೈಲುಗಳಿಗೆ, ಖಾಸಗಿ ದೂರದ ಬಸ್ಸುಗಳಿಗೆ ನಡೆಯುವುದಿಲ್ಲ. ತಪ್ಪಿ ಹತ್ತಿದರೆ "ಗೊತ್ತಿರಲಿಲ್ಲ" ಎಂಬುದನ್ನು ಕೇಳುವವರಿಲ್ಲ. ಟಿಕೆಟ್ ಇಲ್ಲದ ಪ್ರಯಾಣದ ದಂಡ 60 ಯುರೋದಿಂದ ಮೇಲೆ. ಟಿಕೆಟ್ ಫೋನಿನಲ್ಲಿರುವುದರಿಂದ ಬ್ಯಾಟರಿ ಸತ್ತರೂ ಟಿಕೆಟ್ ಇಲ್ಲವೆಂದೇ ಅರ್ಥ. ಪವರ್ ಬ್ಯಾಂಕ್ ಮತ್ತು ಫೋಟೊ ಇರುವ ಗುರುತಿನ ಚೀಟಿ ಎರಡೂ ಜೊತೆಗಿರಲಿ.

ಜರ್ಮನ್ ರೈಲ್ವೆಯ ಡಿಬಿ ನ್ಯಾವಿಗೇಟರ್ ಆಪ್‌ನಲ್ಲಿ ಪ್ರಾದೇಶಿಕ ರೈಲು ಮಾತ್ರ ಎಂಬ ಆಯ್ಕೆ ಹಾಕಿಯೇ ದಾರಿ ಹುಡುಕಿ. ಆಪ್ 5 ನಿಮಿಷದಲ್ಲಿ ರೈಲು ಬದಲಿಸುವ ದಾರಿ ತೋರಿಸುತ್ತದೆ, ನಂಬಬೇಡಿ. ತಡ ಇಲ್ಲಿ ದಿನದ ಮಾತು. 15 ನಿಮಿಷವಾದರೂ ಅಂತರವಿರುವ ದಾರಿ ಆರಿಸಿ, ನಿಮ್ಮ ನಂತರ ಇನ್ನೊಂದು ರೈಲು ಉಳಿದಿರುವಂತೆ ವಾಪಸ್ಸು ಹೊರಡಿ.

ಹೊಸಬರು ಮೋಸ ಹೋಗುವ ಇನ್ನೊಂದು ಜಾಗ ಎರಡಾಗಿ ಒಡೆಯುವ ರೈಲು. ಮುಂದಿನ ಡಬ್ಬಿಗಳು ಒಂದೂರಿಗೆ, ಹಿಂದಿನವು ಇನ್ನೊಂದೂರಿಗೆ ಹೋಗುತ್ತವೆ. ನಡುದಾರಿಯ ನಿಲ್ದಾಣದಲ್ಲಿ ಬೇರ್ಪಡುತ್ತವೆ. ರೈಲು ಸರಿ, ಕೂತ ಡಬ್ಬಿ ತಪ್ಪು. ಪ್ಲಾಟ್‌ಫಾರಂ ಫಲಕದಲ್ಲಿ ಎರಡು ಊರಿನ ಹೆಸರು ಕಂಡರೆ ಅದರ ಪಕ್ಕದ ಎ, ಬಿ, ಸಿ ಅಕ್ಷರ ನೋಡಿ. ನಿಮ್ಮೂರಿನ ಡಬ್ಬಿ ಯಾವ ಅಕ್ಷರದ ಕಂಬದ ಬಳಿ ನಿಲ್ಲುತ್ತದೋ ಅಲ್ಲೇ ನಿಲ್ಲಿ, ಹತ್ತುವಾಗ ಡಬ್ಬಿಯ ಹೊರಗಿನ ಫಲಕವನ್ನೂ ಓದಿ. ಸಣ್ಣ ಮಾರ್ಗಗಳಲ್ಲಿ ಕೋರಿಕೆಯ ನಿಲ್ದಾಣಗಳಿವೆ, ಒಳಗಿನ ಗುಂಡಿ ಒತ್ತದಿದ್ದರೆ ರೈಲು ನಿಲ್ಲದೆ ಮುಂದೆ ಹೋಗುತ್ತದೆ.

ಐಸಿಇ ಬೇಕಾದಾಗ ಅಗ್ಗದ ಮುಂಗಡ ಟಿಕೆಟ್ ತೆಗೆದುಕೊಳ್ಳಿ. ಅದು ಅದೇ ರೈಲಿಗೆ ಕಟ್ಟುಬಿದ್ದದ್ದು. ಆದರೆ ಗುರಿ ತಲುಪುವುದು 20 ನಿಮಿಷಕ್ಕಿಂತ ತಡವಾಗುತ್ತದೆ ಎಂದು ಕಂಡರೆ ಬೇರೆ ರೈಲು ಹತ್ತುವ ಹಕ್ಕು ಬರುತ್ತದೆ. 60 ನಿಮಿಷ ತಡವಾದರೆ ದರದ ಕಾಲು ಭಾಗ, 120 ನಿಮಿಷವಾದರೆ ಅರ್ಧ ವಾಪಸ್ಸು ಕೇಳಬಹುದು. ಕೇಳದಿದ್ದರೆ ಯಾರೂ ಕೊಡುವುದಿಲ್ಲ.

ಈ ಟಿಕೆಟ್ಟಿನಲ್ಲೇ ಹೋಗಬಹುದಾದ ಕೆಲವು ದಾರಿಗಳು. ಕೊಲೋನ್‌ನಿಂದ ಮೈಂಜ್‌ಗೆ ಹೋಗುವ ಆರ್‌ಬಿ 26 ರೈನ್ ನದಿಯ ಅಂಚಿನಲ್ಲೇ ಓಡುತ್ತದೆ. ಕೊಬ್ಲೆಂಜ್ ದಾಟಿದ ಮೇಲೆ ಎಡಗಡೆಯ ಕಿಟಕಿ ಹಿಡಿಯಿರಿ. ಅಲ್ಲಿಂದ ಬಿಂಗೆನ್‌ವರೆಗಿನ ಕಣಿವೆ 2002ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ್ದು. ತಿರುವು ತಿರುವಿಗೂ ಗುಡ್ಡದ ಮೇಲೊಂದು ಕೋಟೆ, ಕೆಳಗೆ ದ್ರಾಕ್ಷಿ ತೋಟ. ಸಾಂಕ್ಟ್ ಗೋವಾರ್‌ನಲ್ಲಿ ಇಳಿದರೆ ಲೊರೆಲೈ ಬಂಡೆ ಆಚೆ ದಡದಲ್ಲಿ ಕಾಣುತ್ತದೆ, ದೋಣಿಯಲ್ಲಿ ದಾಟಬಹುದು.

ಡ್ರೆಸ್ಡನ್‌ನಿಂದ ಎಸ್1 ಹಿಡಿದು ರಾಟೆನ್‌ನಲ್ಲಿ ಇಳಿಯಿರಿ. ನಿಲ್ದಾಣ ಎಲ್ಬೆ ನದಿಯ ಈಚೆಗೆ, ಬಾಸ್ಟೈ ಬಂಡೆಗಳು ಆಚೆಗೆ. ನಡುವಿನ ದೋಣಿಗೆ ಎಂಜಿನ್ ಇಲ್ಲ. ಉದ್ದನೆಯ ಉಕ್ಕಿನ ಹಗ್ಗಕ್ಕೆ ಕಟ್ಟಿದ ದೋಣಿಯನ್ನು ಅಂಬಿಗರು ಓರೆ ಹಿಡಿದರೆ ನದಿಯ ಹರಿವೇ ಅದನ್ನು ದಡದಿಂದ ದಡಕ್ಕೆ ನೂಕುತ್ತದೆ. ಕೈಯಲ್ಲಿ ಚಿಲ್ಲರೆ ಇರಲಿ. ಅಲ್ಲಿಂದ ಮುಕ್ಕಾಲು ಗಂಟೆ ಹತ್ತಿದರೆ 1851ರ ಕಲ್ಲು ಸೇತುವೆ.

ಮ್ಯೂನಿಕ್‌ನಿಂದ ಫ್ಯುಸೆನ್‌ಗೆ ಸುಮಾರು ಎರಡು ಗಂಟೆ, ನಂತರ ಬಸ್ಸಿನಲ್ಲಿ ನೊಯ್‌ಶ್ವಾನ್‌ಸ್ಟೈನ್ ಅರಮನೆಯ ಬುಡಕ್ಕೆ. ಒಳಗೆ ಹೋಗಲು ನಿಗದಿತ ನಿಮಿಷದ ಟಿಕೆಟ್, ಅದು ದಾಟಿದರೆ ಟಿಕೆಟ್ ವ್ಯರ್ಥ. ಬುಡದಿಂದ ಮೇಲಕ್ಕೆ 30ರಿಂದ 40 ನಿಮಿಷದ ಏರು. ಹಾಗಾಗಿ ರೈಲು ತಲುಪುವ ಹೊತ್ತಿಗಿಂತ ಎರಡು ಗಂಟೆ ನಂತರದ ಪ್ರವೇಶ ಆರಿಸಿ. ಹ್ಯಾಂಬರ್ಗ್‌ನ ಆಲ್ಟೋನಾದಿಂದ ಆರ್‌ಇ 6 ಹತ್ತಿದರೆ, 1927ರಲ್ಲಿ ಕಟ್ಟಿದ ಸುಮಾರು 11 ಕಿಲೋಮೀಟರಿನ ಒಡ್ಡಿನ ಮೇಲೆ, ಎರಡೂ ಕಡೆ ಸಮುದ್ರದ ನಡುವೆ, ಸಿಲ್ಟ್ ದ್ವೀಪಕ್ಕೆ ಹೋಗುತ್ತೀರಿ.

ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ದೊಡ್ಡ ನಿಲ್ದಾಣಗಳ ಒಳಗಿನವು ಮಾತ್ರ ತೆರೆದಿರುತ್ತವೆ. ಬುತ್ತಿಯನ್ನು ಶನಿವಾರವೇ ಹೊಂದಿಸಿಕೊಳ್ಳಿ. ಪ್ಲಾಸ್ಟಿಕ್ ನೀರಿನ ಬಾಟಲಿಗೆ 25 ಸೆಂಟ್ ಫಾಂಟ್ ಎಂಬ ಮರುಪಾವತಿ ಸೇರಿರುತ್ತದೆ. ಜಜ್ಜದೆ ಇಟ್ಟುಕೊಂಡು ಸೂಪರ್‌ಮಾರ್ಕೆಟ್ಟಿನ ಯಂತ್ರಕ್ಕೆ ಹಾಕಿದರೆ ಚೀಟಿ ಬರುತ್ತದೆ, ಅದನ್ನು ಬಿಲ್ಲಿನಲ್ಲಿ ಕಳೆಯುತ್ತಾರೆ. ಜಜ್ಜಿದ ಬಾಟಲಿಯ ಗುರುತನ್ನು ಯಂತ್ರ ಓದಲಾರದು.

ಗಡಿ ದಾಟುವಾಗ

ಜರ್ಮನಿಯ ವಿದ್ಯಾರ್ಥಿ ವೀಸಾ ಅಥವಾ ಪರವಾನಗಿ ಇದ್ದವರು ಉಳಿದ ಶೆಂಗೆನ್ ದೇಶಗಳಲ್ಲಿ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳು) ಯಾವುದೇ 180 ದಿನಗಳಲ್ಲಿ 90 ದಿನ ಸುತ್ತಬಹುದು. ಬ್ರಿಟನ್ನು, ಐರ್ಲೆಂಡ್ ಇದರಲ್ಲಿಲ್ಲ, ಬೇರೆ ವೀಸಾ ಬೇಕು. 2024ರ ಸೆಪ್ಟೆಂಬರ್‌ನಿಂದ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲಿ ತಪಾಸಣೆ ಇಟ್ಟಿದೆ. ಪೊಲೀಸರು ರೈಲಿನೊಳಗೇ ಬರುತ್ತಾರೆ. ಪಾಸ್‌ಪೋರ್ಟ್ ಮತ್ತು ಪರವಾನಗಿ ಎರಡರ ಅಸಲು ಪ್ರತಿ ಬೇಕು, ಫೋನಿನಲ್ಲಿರುವ ಫೋಟೊ ಸಾಲದು. ಡಾಯ್ಚ್‌ಲಾಂಟ್‌ಟಿಕೆಟ್‌ನಲ್ಲೇ ಆಸ್ಟ್ರಿಯಾದ ಸಾಲ್ಸ್‌ಬುರ್ಗ್ ಮುಖ್ಯ ನಿಲ್ದಾಣದವರೆಗೆ ಹೋಗಬಹುದು. ಫ್ರಾನ್ಸಿನ ಸ್ಟ್ರಾಸ್‌ಬುರ್ಗ್‌ಗಾದರೆ ಕೇಲ್‌ವರೆಗೆ ರೈಲು, ಅಲ್ಲಿಂದ ರೈನ್ ದಾಟುವ ಡಿ ಟ್ರಾಮ್. ಆ ಟ್ರಾಮಿಗೆ ಬೇರೆ ಟಿಕೆಟ್ ತೆಗೆದುಕೊಳ್ಳಿ.

ವೀಸಾ ಮುಗಿದು ಕಾರ್ಡ್ ಇನ್ನೂ ಬಂದಿಲ್ಲವೆಂದರೆ ಪ್ರಯಾಣಕ್ಕೆ ಮುನ್ನ ಫಿಕ್ಟ್ಸಿಯೋನ್ಸ್‌ಬೆಶೈನಿಗುಂಗ್ ಎಂಬ ತಾತ್ಕಾಲಿಕ ಪತ್ರ ಕೇಳಿ ಪಡೆಯಿರಿ. ಅರ್ಜಿ ಹಾಕಿದ್ದಕ್ಕೆ ಬಂದ ಸ್ವಯಂಚಾಲಿತ ಇಮೇಲ್ ಆ ಪತ್ರವಲ್ಲ. ಪತ್ರ ಕೈಗೆ ಬಂದಾಗ ಕಚೇರಿಯ ಬಾಗಿಲು ದಾಟುವ ಮೊದಲೇ ಒಳಪುಟ ಬಿಡಿಸಿ, ಯಾವ ಚೌಕದಲ್ಲಿ ಗುರುತು ಹಾಕಿದ್ದಾರೆ ನೋಡಿ. ವಿದೇಶೀಯರ ವಾಸದ ಕಾನೂನಿನ 81ನೇ ಕಲಮಿನ 4ನೇ ಉಪಕಲಂ ಎಂದಿದ್ದರೆ ಹಳೆಯ ವೀಸಾ ಮುಂದುವರಿದಂತೆ, ಹೊರಗೆ ಹೋಗಿ ವಾಪಸ್ಸು ಬರಬಹುದು. 3ನೇ ಉಪಕಲಂ ಎಂದಿದ್ದರೆ ಜರ್ಮನಿ ಬಿಟ್ಟು ಹೊರಗೆ ಕಾಲಿಡಬೇಡಿ, ಆ ಪತ್ರದ ಮೇಲೆ ಒಳಗೆ ಬಿಡುವುದಿಲ್ಲ. ಗುರುತು ತಪ್ಪಿದೆ ಎನಿಸಿದರೆ ಅಲ್ಲೇ ಕೌಂಟರಿನಲ್ಲಿ ಹಳೆಯ ವೀಸಾ ತೋರಿಸಿ ಸರಿಪಡಿಸಿಕೊಳ್ಳಿ. ರಜೆಗೆ ಊರಿಗೆ ಹೋಗುವ ವಿಮಾನದ ಟಿಕೆಟ್ ಅದಾದ ಮೇಲೆ ಮಾಡಿಸಿ.